ತಾರಸಿಯಲ್ಲಿ ಕಾಂಕ್ರೀಟ್ ಕಡಿಮೆ ಮಾಡಿದ ನನ್ನ ಅನುಭವ

ನಾನು ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಮನೆ ಕಟ್ಟಿಸುವ ಸಿವಿಲ್ ಇಂಜಿನಿಯರ್. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು 7–8% ಸಿಮೆಂಟಿನಿಂದ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಮೆಂಟಿಗಾಗಿ ಸುಡುವ ಸುಣ್ಣದಕಲ್ಲಿನ ಒಳಗಿಂದಲೇ ಹೊರಡುವಂಥದ್ದು, ಗೂಡಿಗೆ ಯಾವ ಇಂಧನ ಹಾಕಿದರೂ ಅದು ತಪ್ಪುವುದಿಲ್ಲ. ಹಾಗಾಗಿ ಸುರಿಯುವ ಕಾಂಕ್ರೀಟೇ ಕಡಿಮೆಯಾಗಬೇಕು, ಅಲ್ವಾ?

ನಮ್ಮಲ್ಲಿ ಗೋಡೆಗೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು ಇದೆ. ಸಿಮೆಂಟ್ ಜಾಸ್ತಿ ತಿನ್ನುವುದು ತಾರಸಿ. ಸ್ಲ್ಯಾಬ್ ಕೆಳಗೆ ಬಾಗುವಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಹಿಗ್ಗುವುದನ್ನು ತಡೆಯುವುದು ಕಂಬಿ, ಕಾಂಕ್ರೀಟ್ ಅಲ್ಲ. ಅಂದ ಮೇಲೆ ಕೆಳಭಾಗದಲ್ಲಿ ಕಂಬಿಗಳ ನಡುವಿನ ಕಾಂಕ್ರೀಟ್ ಸುಮ್ನೆ ಭಾರ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದ ಮನೆಗಳಲ್ಲಿ ಮಾಡಿ ತೋರಿಸಿದ ಫಿಲ್ಲರ್ ಸ್ಲ್ಯಾಬಿನ ಗುಟ್ಟು ಇಷ್ಟೇ: ಆ ಜಾಗದಲ್ಲಿ ಹಂಚು ಇಡುವುದು.

ಬದಿಯಡ್ಕದ ಹತ್ತಿರ ಒಬ್ಬ ಮಾಷ್ಟ್ರ ಮನೆಗೆ ಇದನ್ನೇ ಮಾಡಿದೆ. ಅವರ ಹಳೆ ಮನೆ ಬಿಚ್ಚಿದಾಗ ಸಿಕ್ಕಿದ ಮಂಗಳೂರು ಹಂಚನ್ನೇ ಬಳಸಿದ್ದು. ಎರಡು ಹಂಚನ್ನು ಒಂದರ ಮೇಲೊಂದು ಕವುಚಿ, ನಡುವೆ ಗಾಳಿ ಉಳಿಯುವ ಹಾಗೆ ಸೆಂಟ್ರಿಂಗ್ ಹಲಗೆಯ ಮೇಲೆ ಜೋಡಿಸಿದೆವು. ಕಂಬಿ ಹಂಚುಗಳ ಸಂದಿಯಲ್ಲಿ ಹೋಗುತ್ತದೆ, ಆದ್ದರಿಂದ ಹಂಚಿನ ಅಳತೆ ನೋಡಿಯೇ ಕಂಬಿಯ ಅಂತರ ಲೆಕ್ಕ ಹಾಕಬೇಕು. ಹಂಚಿನ ಮೇಲೆ ಎರಡು ಇಂಚಿಗಿಂತ ಕಡಿಮೆ ಕಾಂಕ್ರೀಟ್ ಇರದಂತೆ ನೋಡಿಕೊಂಡೆ.

"ಗೋಡೆ ಹತ್ತಿರ ಯಾಕೆ ಖಾಲಿ ಬಿಟ್ಟಿದ್ದೀರಿ?" ಅಂತ ಮಾಷ್ಟ್ರು ಕೇಳಿದರು.

"ಮಾಷ್ಟ್ರೇ, ಕತ್ತರಿಸುವ ಬಲ ಅಲ್ಲಿ ಜಾಸ್ತಿ. ಸ್ಲ್ಯಾಬ್ ನಡುಗೋಡೆ ದಾಟಿ ಮುಂದಿನ ಕೋಣೆಗೆ ಹೋಗುವಲ್ಲಿ ಒತ್ತಿಕೊಳ್ಳುವುದು ಕೆಳಭಾಗ. ಅಲ್ಲಿ ಪೂರ್ತಿ ಕಾಂಕ್ರೀಟೇ ಬೇಕು" ಅಂದೆ.

ಆ ಅಂಚು ಬಿಟ್ಟೂ ಸುಮಾರು ಐದರಲ್ಲಿ ಒಂದು ಪಾಲು ಕಾಂಕ್ರೀಟ್ ಉಳಿತಾಯವಾಯಿತು. ಭಾರ ಇಳಿದದ್ದಕ್ಕೆ ಕಂಬಿಯೂ ಸ್ವಲ್ಪ ಕಡಿಮೆ ಸಾಕಾಯಿತು. ಕಾಂಕ್ರೀಟ್ ಹಾಕುವ ಮೊದಲು ಹಂಚನ್ನು ಚೆನ್ನಾಗಿ ನೆನೆಸಲೇಬೇಕು, ಇಲ್ಲದಿದ್ದರೆ ಅದು ಕಾಂಕ್ರೀಟಿನ ನೀರನ್ನೆಲ್ಲ ಹೀರುತ್ತದೆ. ವಯರಿಂಗ್ ಪೈಪು, ಫ್ಯಾನಿನ ಕೊಕ್ಕೆ ಎಲ್ಲ ಸಂದಿಯಲ್ಲೇ ಬರಬೇಕು, ಇದನ್ನು ಮೇಸ್ತ್ರಿ ಮತ್ತು ಇಲೆಕ್ಟ್ರಿಷಿಯನ್ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿಯೇ ಹೇಳಿ. ಕೆಳಗಿನಿಂದ ಕೆಂಪು ಹಂಚು ಹಾಗೇ ಕಾಣುತ್ತದೆ, ಆ ಭಾಗಕ್ಕೆ ಗಾರೆಯೂ ಬೇಡ.

ಕಂಬಿಯ ವಿಷಯ ಬೇರೆ. ಉಪ್ಪಳದಲ್ಲಿ ಕಡಲ ಬದಿಯ ಒಂದು ಮನೆಯ ಅಂಗಳದ ಕಾಂಕ್ರೀಟಿಗೆ ಗಾಜುನಾರಿನ ಕಂಬಿ, ಅಂದರೆ ಜಿಎಫ್‌ಆರ್‌ಪಿ ಹಾಕಿದೆ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ, ಇದಕ್ಕೆ ತುಕ್ಕಿಲ್ಲ. ತೂಕ ಉಕ್ಕಿನ ಕಾಲು ಭಾಗದಷ್ಟು. ಬೇಗ ಒಡೆದು ಮತ್ತೆ ಕಟ್ಟುವುದು ತಪ್ಪಿದರೆ ಅದೇ ದೊಡ್ಡ ಉಳಿತಾಯ ಅಂತ ನನ್ನ ಲೆಕ್ಕ. ಆದರೆ ಮನೆಯ ತಾರಸಿಗೆ ನಾನು ಇನ್ನೂ ಉಕ್ಕನ್ನೇ ಹಾಕುತ್ತೇನೆ. ಗಾಜುನಾರಿನ ಕಂಬಿ ಉಕ್ಕಿಗಿಂತ ಮೂರು ನಾಲ್ಕು ಪಟ್ಟು ಸುಲಭವಾಗಿ ಹಿಗ್ಗುತ್ತದೆ, ಸ್ಲ್ಯಾಬ್ ಜಾಸ್ತಿ ಬಾಗುತ್ತದೆ. ಬೆಂಕಿ ತಾಗಿದರೆ ನಾರುಗಳನ್ನು ಹಿಡಿದಿಟ್ಟಿರುವ ಅಂಟು ಮೆತ್ತಗಾಗುತ್ತದೆ. ಮುರಿಯುವ ಮೊದಲು ಉಕ್ಕಿನ ಹಾಗೆ ಎಳೆದುಕೊಂಡು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸೈಟಿನಲ್ಲಿ ಬಗ್ಗಿಸಲೂ ಆಗದು, ಬೇಕಾದ ಬಾಗು ಫ್ಯಾಕ್ಟರಿಯಿಂದಲೇ ಬರಬೇಕು. ಅದಕ್ಕೆ ಡ್ರಾಯಿಂಗ್ ಪೂರ್ತಿ ಮುಗಿಸಿದ ಮೇಲೆಯೇ ಆರ್ಡರ್ ಕೊಡಿ.