ಉಪ್ಪುನೀರಿನ ಜಾಡು ಹಿಡಿದು

ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸ. ಮಕ್ಕಳ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬಂದು, ‘ಮೇಡಂ, ಬ್ರಾಂಕಿಯೋಲೈಟಿಸ್ ಆದ ಕೂಸುಗಳಿಗೆ ಶೇ 3ರ ಉಪ್ಪುನೀರನ್ನು ನೆಬ್ಯುಲೈಸರ್‌ನಲ್ಲಿ ಕೊಟ್ಟ ಟ್ರಯಲ್‌ಗಳೆಲ್ಲ ಬೇಕು’ ಎಂದಳು. ಬ್ರಾಂಕಿಯೋಲೈಟಿಸ್ ಎಂದರೆ ಕೂಸುಗಳ ಶ್ವಾಸಕೋಶದ ಸಣ್ಣ ಗಾಳಿನಾಳಗಳಿಗೆ ತಗಲುವ ಸೋಂಕು; ಟ್ರಯಲ್ ಎಂದರೆ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಪ್ರಯೋಗ. ಅಚ್ಚಾದ ಲೇಖನಗಳು ಅವಳ ಬಳಿ ಇದ್ದವು. ಬೇಕಾಗಿದ್ದದ್ದು ಸಂಶೋಧಕರು ತಮ್ಮ ಟ್ರಯಲ್ ಬಗ್ಗೆ ಸಾರ್ವಜನಿಕ ತಾಣಗಳಲ್ಲಿ ಬರೆಸಿಡುವ ನೋಂದಣಿ ದಾಖಲೆಗಳು; ಅರ್ಧಕ್ಕೇ ನಿಂತವು, ಮುಗಿದರೂ ಅಚ್ಚಾಗದವು ಅಲ್ಲಿ ಮಾತ್ರ ಕಾಣಸಿಗುತ್ತವೆ.

ಮೊದಲ ದಿನ ಜಾಣತನ ಮಾಡಲು ಹೋಗಿ ಕೆಟ್ಟೆ. ಅಮೆರಿಕದ ನೋಂದಣಿ ತಾಣ ಕ್ಲಿನಿಕಲ್‌ಟ್ರಯಲ್ಸ್.ಗವ್‌ನಲ್ಲಿ ರೋಗ, ಔಷಧ, ಪ್ರಮಾಣ, ವಯಸ್ಸು ಎಲ್ಲವನ್ನೂ ಒಟ್ಟಿಗೆ ತುಂಬಿದೆ. ಸಿಕ್ಕಿದ್ದು ಬೆರಳೆಣಿಕೆಯಷ್ಟು. ದಾಖಲೆ ಬರೆಯುವವರು ಸಂಶೋಧಕರೇ. ಒಬ್ಬರು ಈ ಉಪ್ಪುನೀರನ್ನು ಹೈಪರ್‌ಟಾನಿಕ್ ಸಲೈನ್ ಎಂದರೆ ಇನ್ನೊಬ್ಬರು ಸೋಡಿಯಂ ಕ್ಲೋರೈಡ್ ಎನ್ನುತ್ತಾರೆ. ಆಮೇಲೆ ರೋಗದ ಹೆಸರೊಂದನ್ನೇ ಕೊಟ್ಟೆ. ಆಗ ಶ್ವಾಸಕೋಶ ಕಸಿಯಾದ ವಯಸ್ಕರ ‘ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್’ ಎಂಬ ಬೇರೆಯೇ ರೋಗದ ಟ್ರಯಲ್‌ಗಳು ಹಿಂಡುಹಿಂಡಾಗಿ ಬಂದವು. ‘ಮಕ್ಕಳು’ ಎಂಬ ಸೋಸುಗವೂ ಹುಟ್ಟಿದಂದಿನಿಂದ 17 ವರ್ಷದವರೆಗಿನ ಎಲ್ಲರನ್ನೂ ಒಳಗೆ ಬಿಡುತ್ತದೆ. ಕೊನೆಗೆ ಶೀರ್ಷಿಕೆಗಳನ್ನು ಒಂದೊಂದಾಗಿ ಓದಿಯೇ ಜಾಲಿಸಿದೆ. ಬೇಸರದ ಕೆಲಸ, ಆದರೆ ನಂಬಿಕೆಗೆ ಯೋಗ್ಯ.

ನಮ್ಮ ದೇಶದ ನೋಂದಣಿ ತಾಣ ಸಿಟಿಆರ್‌ಐ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಒಟ್ಟುಗೂಡಿಸಿದ ಹುಡುಕುತಾಣವನ್ನೂ ಜಾಲಾಡಿದೆ. ಒಂದೇ ಟ್ರಯಲ್ ಎರಡು ಕಡೆ ನೋಂದಣಿಯಾಗಿರುವುದುಂಟು. ಎರಡನೆಯ ಗುರುತಿನ ಸಂಖ್ಯೆಯನ್ನು ತಾಳೆ ನೋಡದಿದ್ದರೆ ಒಂದೇ ಮಗುವನ್ನು ಎರಡು ಸಲ ಎಣಿಸಿದಂತೆ.

ಬ್ರಿಟನ್ನಿನ ಹತ್ತು ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸೇಬರ್, 777 ಶಿಶುಗಳ ಮೇಲೆ ಫ್ರಾನ್ಸಿನಲ್ಲಿ ನಡೆದ ಗೆರಾಂಡ್, ಈ ಎರಡು ಟ್ರಯಲ್‌ಗಳ ದಾಖಲೆಯೂ ಸಿಕ್ಕಿತು. ಎರಡರಲ್ಲೂ ಉಪ್ಪುನೀರಿನಿಂದ ಹೇಳಿಕೊಳ್ಳುವಂಥ ಲಾಭ ಕಂಡಿರಲಿಲ್ಲ. ಆದರೆ ಈ ಚಿಕಿತ್ಸೆಗೆ ಹೆಸರು ತಂದುಕೊಟ್ಟ, 2002 ಮತ್ತು 2003ರಲ್ಲಿ ಅಚ್ಚಾದ ಇಸ್ರೇಲಿನ ಸಣ್ಣ ಟ್ರಯಲ್‌ಗಳು ಎಲ್ಲಿ ಹುಡುಕಿದರೂ ಇಲ್ಲ! ಅರ್ಧ ದಿನ ನನ್ನ ಹುಡುಕಾಟವನ್ನೇ ಶಂಕಿಸಿದೆ. ಆಮೇಲೆ ಹೊಳೆಯಿತು: 2005ರ ಜುಲೈ 1ರ ನಂತರ ಶುರುವಾಗುವ ಟ್ರಯಲ್‌ಗಳು ಮೊದಲೇ ನೋಂದಣಿಯಾಗಿರಬೇಕು, ಇಲ್ಲದಿದ್ದರೆ ಅಚ್ಚು ಹಾಕುವುದಿಲ್ಲ ಎಂದು ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಘೋಷಿಸಿದ್ದೇ 2004ರಲ್ಲಿ. ಸಿಟಿಆರ್‌ಐ ಬಂದದ್ದು 2007ರಲ್ಲಿ.

ವಿದ್ಯಾರ್ಥಿನಿ ತನ್ನ ಪಟ್ಟಿಯಲ್ಲಿ ಅವುಗಳ ಮುಂದೆ ‘ಸಿಗಲಿಲ್ಲ’ ಎಂದು ಬರೆದಿದ್ದಳು. ಅದನ್ನು ಹೊಡೆದುಹಾಕಿಸಿ, ‘ನೋಂದಣಿ ಕಡ್ಡಾಯವಾಗುವ ಮುಂಚಿನದು’ ಎಂದು ಬರೆಸಿದೆ.