ಬ್ಯೂನಸ್ ಐರಿಸ್‌ಗೆ ಹೊರಟಿದ್ದೀರಾ? ಮೊದಲು ವಾರ, ಹೊತ್ತು ನೋಡಿಕೊಳ್ಳಿ

ನೋಡಬೇಕಾದ ಜಾಗಗಳ ಪಟ್ಟಿ ಎಲ್ಲರ ಕೈಯಲ್ಲೂ ಇರುತ್ತದೆ. ಯಾವ ಜಾಗಕ್ಕೆ ಯಾವ ವಾರ, ಎಷ್ಟು ಹೊತ್ತಿಗೆ ಹೋಗಬೇಕು ಅನ್ನೋದು ಮಾತ್ರ ಇರುವುದಿಲ್ಲ. ಅರ್ಜೆಂಟೀನಾದ ಈ ರಾಜಧಾನಿಗೆ ನಾನೂ ಹಾಗೇ ಹೋದವನು. ಮೊದಲ ದಿನ ಸಂಜೆ ಏಳಕ್ಕೆ ಹೊಟ್ಟೆ ಚುರುಗುಟ್ಟಿ ಹೋಟೆಲ್ ಹುಡುಕಿಕೊಂಡು ಹೋದರೆ ಅಲ್ಲಿ ಇನ್ನೂ ಮೇಜು ಒರೆಸುತ್ತಿದ್ದರು. ಅಲ್ಲಿನವರಿಗೆ ರಾತ್ರಿ ಊಟ ಅಂದರೆ ಒಂಬತ್ತರ ಮೇಲೆ. ಹತ್ತಕ್ಕೆ ಮಕ್ಕಳನ್ನು ಕರೆದುಕೊಂಡು ಬರುವವರೂ ಇದ್ದಾರೆ!

ಭಾರತದ ಗಡಿಯಾರ ಅಲ್ಲಿಗಿಂತ ಎಂಟೂವರೆ ಗಂಟೆ ಮುಂದೆ. ಊರಿನಿಂದ ನೇರ ಹೋದವರಿಗೆ ಮೊದಲೆರಡು ದಿನ ಸಂಜೆಯೇ ಕಣ್ಣು ಎಳೆಯುತ್ತದೆ. ಹಾಗಾಗಿ ಅಲ್ಲಿನ ಜೋಡಿ ಕುಣಿತ ಟ್ಯಾಂಗೋ ನೋಡುವುದನ್ನು ಮೂರನೇ ರಾತ್ರಿಗೆ ಇಟ್ಟುಕೊಳ್ಳಿ.

ಒಂದು ಗುರುವಾರ, ಒಂದು ಭಾನುವಾರ ನಿಮ್ಮ ಪ್ರವಾಸದೊಳಗೆ ಬರುವ ಹಾಗೆ ಟಿಕೆಟ್ ಮಾಡಿಸಿ. ಗುರುವಾರ ಮಧ್ಯಾಹ್ನ ಮೂರೂವರೆಗೆ ಪ್ಲಾಸಾ ದೆ ಮಾಯೊ ಚೌಕಕ್ಕೆ ಹೋಗಿ. (ಅಲ್ಲಿನವರ ಬಾಯಲ್ಲಿ ಅದು 'ಮಾಶೊ'. ಸ್ಪ್ಯಾನಿಷ್ ಕಲಿತು ಹೋದವರೂ ಇಲ್ಲಿ ತಡವರಿಸುತ್ತಾರೆ.) 1976ರಿಂದ 83ರವರೆಗಿನ ಸೇನಾಡಳಿತದಲ್ಲಿ ಕಾಣೆಯಾದ ಮಕ್ಕಳಿಗಾಗಿ ತಾಯಂದಿರು 1977ರಿಂದ ಅಲ್ಲಿ ಸುತ್ತು ಹಾಕುತ್ತಾ ಬಂದಿದ್ದಾರೆ. ಗುರುತಿಗೆ ತಲೆ ಮೇಲೆ ಬಿಳಿ ಬಟ್ಟೆ. ಶುರುವಿನಲ್ಲಿ ಅವರು ಕಟ್ಟಿಕೊಂಡಿದ್ದು ಮಕ್ಕಳ ಲಂಗೋಟಿ ಬಟ್ಟೆ. ಎದುರಿಗಿರುವ ಗುಲಾಬಿ ಬಣ್ಣದ ಅಧ್ಯಕ್ಷರ ಭವನದ ಫೋಟೊ ಯಾವಾಗ ಬೇಕಾದರೂ ತೆಗೆಯಬಹುದು, ಆ ಹೊತ್ತಿನಲ್ಲಿ ಸುಮ್ನೆ ನಿಂತು ನೋಡಿ. ವಾಪಸ್ ಬರುವಾಗ ಅಲ್ಲೇ ಕೆಳಗೆ ಎ ಲೈನ್ ಮೆಟ್ರೊ ಹತ್ತಿ. 1913ರದು, ದಕ್ಷಿಣ ಅಮೆರಿಕದಲ್ಲೇ ಮೊದಲನೆಯದು. ಮೆಟ್ರೊಗೂ ಬಸ್ಸಿಗೂ ಒಂದೇ ಕಾರ್ಡ್, ಹೆಸರು ಸೂಬೆ. ಬಸ್ಸಿಗೆ ಕೈ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ನಿಲ್ಲಿಸದೆ ಹೋಗಿಬಿಡುತ್ತಾರೆ.

ಭಾನುವಾರ ಸಾನ್ ತೆಲ್ಮೊ ಬಡಾವಣೆ. ದೆಫೆನ್ಸಾ ಬೀದಿ ಉದ್ದಕ್ಕೂ ಸಂತೆ: ಹಳೇ ಸೋಡಾ ಬಾಟಲಿ, ಬೆಳ್ಳಿ ಚಮಚ, ಗ್ರಾಮೊಫೋನ್ ತಟ್ಟೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಮಂಗಳವಾರ ಮಾಲ್ಬಾ ಮ್ಯೂಸಿಯಂ ರಜೆ. ಮೆಕ್ಸಿಕೊದ ಕಲಾವಿದೆ ಫ್ರಿಡಾ ಕಾಹ್ಲೊ ಬರೆದುಕೊಂಡ ಸ್ವಂತ ಚಿತ್ರವೊಂದು ಅವರ ಸಂಗ್ರಹದಲ್ಲಿದೆ, ಅದಕ್ಕೇ ಅಂತ ಹೋಗುವವರು ದಿನ ನೋಡಿಕೊಳ್ಳಿ.

ಲಾ ಬೋಕಾದ ಬಣ್ಣಬಣ್ಣದ ತಗಡಿನ ಮನೆಗಳಿಗೆ ಒಂದು ಗಂಟೆ ಸಾಕು, ಅದೂ ಹಗಲಲ್ಲಿ. ಆ ಎರಡು ಮೂರು ಬೀದಿ ಬಿಟ್ಟು ಆಚೆ ಅಲೆಯಬೇಡಿ. ಉಳಿದ ಹೊತ್ತನ್ನು ರೆಕೊಲೆಟಾ ಸ್ಮಶಾನಕ್ಕೆ ಕೊಡಿ. ಕಲ್ಲಿನ ಪುಟ್ಟ ಮನೆಗಳ ಗಲ್ಲಿಗಳಿರುವ ಊರಿನ ಹಾಗಿದೆ. ಅಧ್ಯಕ್ಷರಾಗಿದ್ದ ಪೆರೋನ್ ಅವರ ಹೆಂಡತಿ ಎವಿಟಾ ಸಮಾಧಿ ಹುಡುಕುವಾಗ 'ಪೆರೋನ್' ಅಂತ ಹುಡುಕಬೇಡಿ, ತವರಿನವರ 'ದುವಾರ್ತೆ' ಹೆಸರಲ್ಲಿದೆ. 1952ರಲ್ಲಿ ತೀರಿಕೊಂಡ ಆಕೆಯ ಶವವನ್ನು ಸೇನೆಯವರು ಬೇರೆ ಹೆಸರಲ್ಲಿ ಇಟಲಿಯಲ್ಲಿ ಹೂತಿಟ್ಟಿದ್ದರು. ಇಲ್ಲಿಗೆ ಬಂದಿದ್ದು 1976ರಲ್ಲಿ.

ಸಸ್ಯಾಹಾರಿಗಳೇ, 'ಮಾಂಸ ಬೇಡ' ಅಂದರೆ ಕೆಲವರು ಹಂದಿಮಾಂಸದ ಹ್ಯಾಮ್ ಹಾಕಿಕೊಡುತ್ತಾರೆ! ಅವರ ಲೆಕ್ಕದಲ್ಲಿ ಮಾಂಸ ಅಂದರೆ ದನದ್ದು ಮಾತ್ರ. ಜೋಳದ ಹೂರಣದ 'ಉಮಿತಾ' ಎಂಪನಾಡ ಕೇಳಿ, ನೋಡಲು ನಮ್ಮ ಕರ್ಜಿಕಾಯಿಯೇ. ಇನ್ನೂ ಒಳ್ಳೆಯದು, ಕೊರಿಯೆಂತೆಸ್ ಬೀದಿಯ ಪಿಜ್ಜಾ ಅಂಗಡಿಗಳು. ಕೌಂಟರಿನಲ್ಲಿ ನಿಂತೇ ತಿನ್ನಬೇಕು. ಈರುಳ್ಳಿ, ಚೀಸ್ ತುಂಬಿದ 'ಫುಗಾಸೆಟಾ' ಒಂದು ತುಂಡು, ಅದರ ಮೇಲೆ 'ಫೈನಾ' ಒಂದು ತುಂಡು ಹೇರಿಕೊಂಡು ಕಚ್ಚುತ್ತಾರೆ. ಫೈನಾ ಅಂದರೆ ಕಡಲೆ ಹಿಟ್ಟಿನ ದಪ್ಪ ರೊಟ್ಟಿ, ಮೆಣಸಿನ ಪುಡಿ ಉದುರಿಸಿದ್ದು. ಬಾಯಿಗಿಟ್ಟ ತಕ್ಷಣ ಮನೆ ನೆನಪಾಗುತ್ತದೆ.

ಟ್ಯಾಂಗೋಗೆ ದುಡ್ಡು ಸುರಿದು ಊಟದ ಜೊತೆಗಿನ ದೊಡ್ಡ ಷೋ ನೋಡಬಹುದು. ನನ್ನ ಮಾತು ಕೇಳಿದರೆ 'ಮಿಲೊಂಗಾ'ಗೆ ಹೋಗಿ, ಅಂದರೆ ಊರಿನವರೇ ಬಂದು ಕುಣಿಯುವ ಜಾಗ. ಅಲ್ಲಿ ಯಾರೂ ಎದ್ದು ಬಂದು 'ಕುಣಿಯೋಣ ಬನ್ನಿ' ಅಂತ ಕೇಳುವುದಿಲ್ಲ. ಆಚೆ ಮೇಜಿನ ಕಡೆ ಕಣ್ಣು ಹಾಯಿಸಿ ತಲೆ ಸ್ವಲ್ಪ ವಾಲಿಸುತ್ತಾರೆ. ಆ ಕಡೆಯವರು ಇಷ್ಟವಿದ್ದರೆ ತಲೆ ಆಡಿಸುತ್ತಾರೆ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತಾರೆ, ಯಾರಿಗೂ ಅವಮಾನವಿಲ್ಲ. ಕುಣಿಯಲು ಬಾರದಿದ್ದರೆ ಯಾರನ್ನೂ ದಿಟ್ಟಿಸಬೇಡಿ, ಅಷ್ಟೇ! ಮೂರು ನಾಲ್ಕು ಹಾಡು ಒಂದೇ ಜೋಡಿ ಕುಣಿಯುವುದು ರೂಢಿ. ನಡುವೆ 'ಗ್ರಾಸಿಯಾಸ್' ಅಂದರೆ 'ಥ್ಯಾಂಕ್ಸ್' ಅಲ್ಲ, 'ಇಷ್ಟು ಸಾಕು' ಅಂತ. ಇದನ್ನು ನಾನು ಕಲಿತಿದ್ದು ಕುಣಿದು ಅಲ್ಲ, ಪಾರ್ಕಿನಲ್ಲಿ. ಅಲ್ಲಿನವರು ಒಂದೇ ಸೋರೆ ಬುರುಡೆಯಿಂದ ಸರದಿಯಲ್ಲಿ ಕುಡಿಯುವ ಎಲೆ ಕಷಾಯ 'ಮಾತೆ'. ಒಬ್ಬರು ತಮ್ಮ ಬುರುಡೆ ಕೊಟ್ಟರು, ಕುಡಿದು ವಿನಯದಿಂದ ಗ್ರಾಸಿಯಾಸ್ ಅಂದೆ. ಬುರುಡೆ ಎರಡು ಸುತ್ತು ಹೊಡೆಯಿತು, ನನ್ನ ಹತ್ತಿರ ಮತ್ತೆ ಬರಲೇ ಇಲ್ಲ.