ಡೈನೋಸಾರ್ ಬದಿಗಿಟ್ಟು ಪಳೆಯುಳಿಕೆ ಪರಿಚಯಿಸಿದ್ದು

ಬಾಗಲಕೋಟೆ ಸುತ್ತಲಿನ ಹೈಸ್ಕೂಲುಗಳಲ್ಲಿ ಪಳೆಯುಳಿಕೆಗಳ ಬಗ್ಗೆ ಮಾತನಾಡಲು ಹೋದಾಗಲೆಲ್ಲ ಮೊದಲು ಎದುರಾಗುವ ಪ್ರಶ್ನೆ ಒಂದೇ: "ಸರ್, ನಮ್ಮ ಕಡೆ ಡೈನೋಸಾರ್ ಇದ್ದವೇನ್ರಿ?" ಉತ್ತರಿಸುವ ಮೊದಲು ನಾನು ಮಕ್ಕಳಿಗೆ ನೆಲದ ಫರ್ಸಿಕಲ್ಲುಗಳನ್ನು ಪರೀಕ್ಷಿಸಲು ಹೇಳುತ್ತೇನೆ. ಕೆಲವು ಕಲ್ಲುಗಳ ಮೇಲೆ ಜರಿಗಿಡದಂತಹ ಕಪ್ಪು ಚಿತ್ತಾರವಿರುತ್ತದೆ. ಅದನ್ನೇ ಎಲ್ಲರೂ ಪಳೆಯುಳಿಕೆ ಎನ್ನುತ್ತಾರೆ. ಭೂತಗನ್ನಡಿ ಹಿಡಿದಾಗ ಮಾತ್ರ ಎಲೆಯ ನರವಾಗಲಿ ದಂಟಾಗಲಿ ಅಲ್ಲಿಲ್ಲವೆಂದೂ, ಕವಲುಗಳು ಬಿರುಕಿನ ಅಂಚಿನಿಂದಲೇ ಹೊರಡುತ್ತವೆಂದೂ ತಿಳಿಯುತ್ತದೆ. ಬಿರುಕಿನಲ್ಲಿ ಇಂಗಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಅದು. ಜೀವಕ್ಕೂ ಅದಕ್ಕೂ ಸಂಬಂಧವಿಲ್ಲ.

ಪಳೆಯುಳಿಕೆ ಯಾವುದಲ್ಲ ಎಂಬುದು ಗೊತ್ತಾದ ಮೇಲೆ, ನೋಡಿದರೆ ಏನೂ ಅಲ್ಲವೆನಿಸುವ ನಿಜವಾದದ್ದನ್ನು ತೋರಿಸುವುದು ಸುಲಭ. ನಮ್ಮ ಭಾಗದ ಹಳೆಯ ಕಲ್ಲುಪದರಗಳಾದ ಕಲಾದಗಿ ಶಿಲಾಸಮೂಹದ ಸುಣ್ಣದಕಲ್ಲು ಮತ್ತು ಅದನ್ನೇ ಹೋಲುವ ಡಾಲೊಮೈಟ್‌ಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಮೇಲಿನಿಂದ ನೋಡಿದರೆ ಅಡ್ಡ ಕೊಯ್ದ ಉಳ್ಳಾಗಡ್ಡಿಯಂತೆ ಸುತ್ತು ಸುತ್ತಿನ ಗೆರೆಗಳು, ಪಕ್ಕದಿಂದ ನೋಡಿದರೆ ಒಂದರ ಮೇಲೊಂದು ಏರಿದ ಗುಮ್ಮಟಗಳು. ಆಳವಿಲ್ಲದ ಕಡಲಿನಲ್ಲಿ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳಾದ ಸಯನೋಬ್ಯಾಕ್ಟೀರಿಯಾಗಳ ಅಂಟುಪದರಕ್ಕೆ ಸಣ್ಣ ಕಣಗಳು ಹತ್ತಿಕೊಂಡು, ಬೆಳಕಿಗಾಗಿ ಜೀವಿಗಳು ಮತ್ತೆ ಮೇಲೇರಿ, ಹೀಗೆ ಪದರದ ಮೇಲೆ ಪದರ ಕೂಡಿ ಬೆಳೆದ ರಚನೆಗಳು ಇವು. ಎಲುಬಿಲ್ಲ, ಚಿಪ್ಪಿಲ್ಲ, ಜೀವಿ ಮಾಡಿಟ್ಟ ಕೆಲಸವಷ್ಟೇ ಉಳಿದಿದೆ. ಅವುಗಳ ಫೋಟೊ ತೆಗೆಯುವಾಗ ಅಳತೆಗೊಂದು ಪೆನ್ನು ಇಡಿಸುತ್ತೇನೆ. ಸುತ್ತಿಗೆಯನ್ನು ಒಯ್ಯುವುದೇ ಇಲ್ಲ.

ಕಾಲವನ್ನು ವಿವರಿಸಲು ಆಟದ ಮೈದಾನದಲ್ಲಿ 46 ಮೀಟರ್ ಹಗ್ಗ ಹಾಸುತ್ತೇನೆ. ಇಡೀ ಹಗ್ಗ ಭೂಮಿಯ ವಯಸ್ಸು, ಒಂದು ಮೀಟರ್ ಎಂದರೆ 10 ಕೋಟಿ ವರ್ಷ. ನಮ್ಮ ಸ್ಟ್ರೊಮ್ಯಾಟೊಲೈಟ್‌ಗಳು ಇಂದಿನ ತುದಿಯಿಂದ 10 ಮೀಟರಿಗೂ ಆಚೆ ಬರುತ್ತವೆ. ಹಕ್ಕಿಗಳನ್ನು ಬಿಟ್ಟು ಉಳಿದ ಡೈನೋಸಾರ್‌ಗಳು ಅಳಿದದ್ದು ಕೇವಲ 66 ಸೆಂಟಿಮೀಟರ್ ದೂರದಲ್ಲಿ. ಕಲಾದಗಿಯ ಕಲ್ಲಿನಲ್ಲಿ ಡೈನೋಸಾರ್ ಎಲುಬು ಏಕೆ ಸಿಗದು ಎಂಬುದನ್ನು ಮಕ್ಕಳು ಅಲ್ಲಿಯೇ ಲೆಕ್ಕ ಹಾಕಿ ಹೇಳುತ್ತಾರೆ. ಮನುಷ್ಯನ ಸುಮಾರು 3 ಲಕ್ಷ ವರ್ಷಗಳಿಗೆ 3 ಮಿಲಿಮೀಟರ್ ಸಾಕು; ಹಗ್ಗದ ತುದಿಯ ಗಂಟೇ ಅದಕ್ಕಿಂತ ದಪ್ಪ.

ಎಲುಬನ್ನೇ ಕೇಳುವವರಿಗೆ ಗೋಕಾಕದ ಕಥೆ ಇದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಭಾಗದಲ್ಲಿ ದೊರೆತ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ರೈನೋಸೆರಸ್ ಡೆಕ್ಕನೆನ್ಸಿಸ್ ಎಂಬ ಹೆಸರಿನಿಂದ ವರ್ಣಿಸಿದರು. ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ. ಘೇಂಡಾಮೃಗಕ್ಕೆ ಮೇವೆಷ್ಟು ಬೇಕು, ನೀರೆಷ್ಟು ಬೇಕು, ಆಗ ಇಲ್ಲಿ ಹುಲ್ಲುಗಾವಲಿತ್ತೇ ಎಂಬ ವಾದವನ್ನು ಮಕ್ಕಳೇ ಶುರು ಮಾಡುತ್ತಾರೆ. ಡೈನೋಸಾರ್ ಮಾತು ಅಲ್ಲಿಂದ ಮುಂದೆ ಬರುವುದಿಲ್ಲ.